ಮುನ್ನೂರ ಹದಿನೆಂಟು ಪುಸ್ತಕ ಮತ್ತು ನಮ್ಮ ದೊಡ್ಡಮ್ಮ

ನಮ್ಮ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಅವಳಿಗೆ ಕೋಪ ಬರುವುದು ತುಂಬಾ ನಿಧಾನ. ಬಂದಮೇಲೆ ಹೋಗುವುದಿಲ್ಲ, ಅಷ್ಟೇ. ನಾನು ಅವಳ ತಂಗಿಯ ಮಗಳು, ಮೈಯಲ್ಲಿ ಹರಿಯುವುದು ಅದೇ ರಕ್ತ. ಹಾಗಾಗಿ ಈ ಕಥೆಯನ್ನು ತಣ್ಣಗೆ ಹೇಳುತ್ತೇನೆಂದು ಯಾರೂ ಎದುರುನೋಡಬೇಡಿ.

ದೊಡ್ಡಮ್ಮ ಇಪ್ಪತ್ತಾರು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡಳು. ಬಸ್ ನಿಲ್ದಾಣದ ಹಿಂದೆ, ತೆರಿಗೆ ಕಚೇರಿಯ ಮೇಲಂತಸ್ತಿನಲ್ಲಿ ಎರಡು ಕೋಣೆಗಳು. ಒಂದರಲ್ಲಿ ಕಪಾಟುಗಳು, ಇನ್ನೊಂದರಲ್ಲಿ ಉದ್ದನೆಯ ಮೇಜು, ಹದಿನಾಲ್ಕು ಕುರ್ಚಿ, ಗೊರಗೊರ ಎನ್ನುವ ಎರಡು ಫ್ಯಾನು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ನೆಂಟರೆಲ್ಲ, ಪಾಪ, ಧೂಳು ಹೊಡೆದುಕೊಂಡು ಕೂರಬೇಕಲ್ಲ ಎಂದು ಲೊಚಗುಟ್ಟಿದರು. ಅವಳು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಕಪಾಟಿನಲ್ಲಿ ಏನೇನಿದೆ ಎಂದು ಗೊತ್ತಿಲ್ಲದೆ ಬಂದವರಿಗೆ ಏನು ಕೊಡುವುದು ಎಂದು ಮೊದಲ ಕಪಾಟಿನ ಮೇಲಿನ ಎಡಮೂಲೆಯಿಂದ ಓದಲು ಶುರುಮಾಡಿದಳು, ಸಾಲಾಗಿ, ಒಂದೂ ಬಿಡದೆ. ಒಂದು ಪ್ರೇಮ ಕಾದಂಬರಿ, ಪಕ್ಕದಲ್ಲಿದ್ದ ಮೂಳೆ ಮುರಿತದ ಪುಸ್ತಕ, ಅದರಾಚೆಗಿನ ಜೇನುಸಾಕಣೆ. ನಮ್ಮಪ್ಪ ಊಟಕ್ಕೆ ಕೂರುವಾಗ, ಅತ್ತಿಗೆಯವರದು ಈ ವಾರ ಯಾವ ಕಪಾಟು ಎಂದು ವಿಚಾರಿಸಿಯೇ ತಟ್ಟೆ ಎಳೆದುಕೊಳ್ಳುತ್ತಿದ್ದರು. ಮೂಳೆಯ ವಾರ ಮಾತ್ರ ಬೇಗ ಎದ್ದುಬಿಟ್ಟರು.

ಅವಳ ಗ್ರಂಥಾಲಯದಲ್ಲಿ ಎರಡು ಬಗೆಯ ಓದುಗರಿದ್ದರು. ಕಾರ್ಡು ಕೊಟ್ಟು ಪುಸ್ತಕವನ್ನು ಮನೆಗೆ ಒಯ್ಯುವವರು ಒಂದು ಬಗೆ. ಇನ್ನೊಂದು ಬಗೆಯನ್ನು ಅವಳು ‘ಮೇಜಿನವರು’ ಎನ್ನುತ್ತಿದ್ದಳು. ಅವರ ಹತ್ತಿರವೂ ಕಾರ್ಡಿತ್ತು, ಆದರೆ ಮನೆಯಲ್ಲಿ ಓದುವಂತಿರಲಿಲ್ಲ. ದರ್ಜಿಯ ಮನೆಯೆಂದರೆ ಒಂದೇ ಕೋಣೆ, ಏಳು ಜನ. ಅವನು ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಂದು ನಕ್ಷತ್ರಗಳ ಬಗ್ಗೆ ಓದುತ್ತಿದ್ದ. ಆಸ್ಪತ್ರೆಯ ನರ್ಸಿಗೆ ಸಮುದ್ರಯಾನದ ಪುಸ್ತಕವೇ ಆಗಬೇಕು. ಬಿಸಿಲಿರಲಿ ಮಳೆಯಿರಲಿ ಛತ್ರಿ ಬಿಡದ ನಿವೃತ್ತ ಸರ್ವೆಯರ್ ಒಬ್ಬರು ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಓದಿ, ಕೊಲೆಗಾರನನ್ನು ಖಚಿತಪಡಿಸಿಕೊಂಡು, ಆಮೇಲೆ ನೆಮ್ಮದಿಯಾಗಿ ಮೊದಲ ಪುಟಕ್ಕೆ ಬರುತ್ತಿದ್ದರು. ತರಕಾರಿ ಮಾರುವಾಕೆ ಬುಟ್ಟಿ ಖಾಲಿಯಾದ ಮೇಲೆ ದಿನಕ್ಕೆ ಅರ್ಧ ಗಂಟೆ ಕೂತು, ಒಂಬೈನೂರು ಪುಟದ ಕಾದಂಬರಿಯೊಂದನ್ನು ಒಂದೂವರೆ ವರ್ಷದಿಂದ ಓದುತ್ತಿದ್ದಳು. ಅವಳು ಓದುತ್ತಾಳೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಗೇಲಿ ಮಾಡುತ್ತಾರೆಂದು ಅವಳ ಭಯ.

ಮೇಜಿನವರು ಏಳುವಾಗ ಪುಸ್ತಕದಲ್ಲಿ ಒಂದು ಚೀಟಿ ಸಿಕ್ಕಿಸುತ್ತಿದ್ದರು. ಅದರ ಮೇಲೆ ದೊಡ್ಡಮ್ಮನ ಅಕ್ಷರದಲ್ಲಿ ಅವರವರ ಅಡ್ಡಹೆಸರು. ಚೀಟಿ ಇರುವ ಪುಸ್ತಕವನ್ನು ಅವಳು ಮನೆಗೆಂದು ಯಾರಿಗೂ ಕೊಡುತ್ತಿರಲಿಲ್ಲ. ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ. ಅವರು ನಾಳೆ ಬಂದಾಗ ಪುಸ್ತಕ ಇಲ್ಲದಿದ್ದರೆ ನಾಡಿದ್ದು ಅವರೂ ಬರುವುದಿಲ್ಲ ಎಂಬುದು ಅವಳ ಲೆಕ್ಕಾಚಾರ. ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು ಅದಕ್ಕೆ ಕಾಯುತ್ತಿರುತ್ತಿದ್ದರು.

ಅವಳ ನಿವೃತ್ತಿಗೆ ಇನ್ನು ಎರಡು ವರ್ಷ ಇತ್ತು. ಆಗ ಮುಖ್ಯ ಕಚೇರಿಯಿಂದ ಹೊಸ ನಿಯಮ ಬಂತು. ಪ್ರತಿ ಪುಸ್ತಕದ ಹಿಂದೆ ಒಂದು ಹಾಳೆ ಅಂಟಿಸಿರುತ್ತದೆ, ಪುಸ್ತಕವನ್ನು ಮನೆಗೆ ಕೊಟ್ಟಾಗ ಅದರ ಮೇಲೆ ತಾರೀಖಿನ ಮುದ್ರೆ ಬೀಳುತ್ತದೆ. ಮೂರು ವರ್ಷದಿಂದ ಮುದ್ರೆ ಬೀಳದ ಪುಸ್ತಕ ಯಾರಿಗೂ ಬೇಡವಾದದ್ದು, ಅದನ್ನು ರದ್ದಿಗೆ ಹಾಕಬೇಕು. ಇಬ್ಬರು ಗುಮಾಸ್ತರು ಬಂದು ಎರಡು ದಿನ ಹಾಳೆ ತಿರುವಿ ಪಟ್ಟಿ ಮಾಡಿದರು. ಮುನ್ನೂರ ಹದಿನೆಂಟು ಪುಸ್ತಕ. ಶುಕ್ರವಾರ ಲಾರಿ ಬರುತ್ತದೆ ಎಂದು ಹೇಳಿ ಹೋದರು.

ದೊಡ್ಡಮ್ಮ ಪಟ್ಟಿಯನ್ನು ಮನೆಗೆ ತಂದಳು. ಓದುತ್ತಾ ಓದುತ್ತಾ ಅವಳ ಮುಖ ಬಿಳಿಚಿಕೊಂಡಿತು. ನಕ್ಷತ್ರ ಅದರಲ್ಲಿತ್ತು, ಸಮುದ್ರ ಅದರಲ್ಲಿತ್ತು, ಒಂಬೈನೂರು ಪುಟದ ಕಾದಂಬರಿಯೂ ಇತ್ತು. ಇಡೀ ಗ್ರಂಥಾಲಯದಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ, ಮೂಲೆಗಳು ಮೆತ್ತಗಾದ ಪುಸ್ತಕಗಳೇ ಅವು. ಮೇಜು ಬಿಟ್ಟು ಹೊರಗೆ ಹೋಗದಂತೆ ಅವುಗಳನ್ನು ಕಾದವಳು ಅವಳೇ. ಇಲ್ಲೇ ಓದಿದವರದ್ದು ಬರೆದಿಡಬೇಕೆಂದು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಹಾಳೆಗಳು ಖಾಲಿ.

"ಇವನ್ನ ಕೊಂದಿದ್ದು ನಾನೇ ಕಣೇ," ಅಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಇಬ್ಬರು ಗುಮಾಸ್ತರಲ್ಲಿ ಒಳ್ಳೆಯವನೊಬ್ಬ ಫೋನ್ ಮಾಡಿ ಉಪಾಯ ಹೇಳಿಕೊಟ್ಟ. ಮುದ್ರೆ ನಿಮ್ಮ ಕೈಯಲ್ಲೇ ಇದೆ, ಹಳೆಯ ತಾರೀಖು ತಿರುಗಿಸಿ ಒತ್ತಿಬಿಡಿ, ನಾನು ಪಟ್ಟಿ ಬದಲಾಯಿಸುತ್ತೇನೆ ಎಂದ. ನಾನಾಗಿದ್ದರೆ ಕಣ್ಣು ಮುಚ್ಚಿಕೊಂಡು ಒತ್ತುತ್ತಿದ್ದೆ. ದೊಡ್ಡಮ್ಮ ಒಪ್ಪಲಿಲ್ಲ. ನಿಜವಾಗಿ ಓದಿದವರಿರುವಾಗ ಸುಳ್ಳು ತಾರೀಖು ಯಾಕೆ ಹಾಕಲಿ ಎಂದು ಅವನಿಗೇ ಜೋರು ಮಾಡಿದಳು. ಸೋಮವಾರ ಇನ್ನೊಂದು ಕಾಗದ ಬಂತು: ಪಟ್ಟಿಯಲ್ಲಿರುವ ಪುಸ್ತಕಗಳನ್ನು ಯಾರಿಗೂ ಕೊಡಕೂಡದು. ಅದನ್ನು ಅವಳು ಎರಡು ಸಲ ಓದಿದಳು, ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದಳು, ಆಮೇಲೆ ಎದ್ದು ಮೇಜಿನ ತುದಿಯಲ್ಲಿ ನಿಂತಳು.

"ಶುಕ್ರವಾರ ಲಾರಿ ಬರುತ್ತೆ. ನಿಮ್ಮ ಕೈಲಿರೋ ಪುಸ್ತಕ ಅದರಲ್ಲಿ ಹೋಗಬಾರದು ಅಂದ್ರೆ ಇವತ್ತು ಮನೆಗೆ ತಗೊಂಡು ಹೋಗಿ. ಒಂದು ಕಾರ್ಡಿಗೆ ಎರಡು. ಕೊಡಬೇಡ ಅಂತ ನಂಗೆ ಆರ್ಡರ್ ಬಂದಿದೆ. ಅದು ನನ್ನ ತಲೆನೋವು."

ನಾನು ರಜೆ ಹಾಕಿ ಕಾರ್ಡು ಬರೆಯಲು ಕೂತೆ. ನಾಲ್ಕು ದಿನ ಮೆಟ್ಟಿಲ ಮೇಲೆ ಸಾಲು ಕರಗಲಿಲ್ಲ. ದರ್ಜಿ ತನ್ನ ಗಿರಾಕಿಗಳನ್ನೆಲ್ಲ ಅಟ್ಟಿದ, ನರ್ಸು ಇಡೀ ವಾರ್ಡಿನ ಸಿಬ್ಬಂದಿಯನ್ನು ಕರೆತಂದಳು. ಛತ್ರಿಯವರು ಎರಡು ಪತ್ತೇದಾರಿ ಕಾದಂಬರಿ ಹಿಡಿದುಕೊಂಡು ಪೊಲೀಸರಿಂದ ತಪ್ಪಿಸಿಕೊಂಡವರ ಹಾಗೆ ಸರಸರ ಇಳಿದುಹೋದರು. ತರಕಾರಿಯಾಕೆ ಮಾತ್ರ ಮೂರು ದಿನ ದೂರ ನಿಂತು ನೋಡಿದಳು. ಗುರುವಾರ ಸಂಜೆ ಬಂದು ಕೈ ಚಾಚಿದಳು. ಬುಟ್ಟಿಯೊಳಗೆ ಇಟ್ಟು ಮೇಲೆ ಬಟ್ಟೆ ಮುಚ್ಚಿಕೊಡಲೇ ಎಂದು ದೊಡ್ಡಮ್ಮ ಕೇಳಿದಳು.

"ಬೇಡ ಅಕ್ಕಾ. ಕಾಣೋ ಹಾಗೇ ತಗೊಂಡೋಗ್ತೀನಿ. ನಗೋರು ನಗಲಿ."

ಎದೆಗೆ ಅವುಚಿಕೊಂಡು ನಡುಬೀದಿಯಲ್ಲೇ ನಡೆದು ಹೋದಳು. ಮುನ್ನೂರ ಹದಿನೆಂಟೂ ಪುಸ್ತಕದ ಹಿಂದೆ ಅಂದಂದಿನ ತಾರೀಖಿನ ಮುದ್ರೆ ಬಿತ್ತು. ಲಾರಿ ಬಂದಾಗ ಒಯ್ಯಲು ಏನೂ ಇರಲಿಲ್ಲ. ಡ್ರೈವರು ಹೊತ್ತು ಕಳೆಯಲು ಒಂದು ಮಕ್ಕಳ ಕಥೆಪುಸ್ತಕ ತೆಗೆದುಕೊಂಡು ಕೂತ.

ಮೇಲಧಿಕಾರಿ ಸೋಮವಾರ ಬಂದರು. ದೊಡ್ಡಮ್ಮನಿಗಿಂತ ಚಿಕ್ಕವರು, ಕೆಟ್ಟವರಲ್ಲ. ಮುದ್ರೆ ಬಿದ್ದ ಪುಸ್ತಕವನ್ನು ಅವರದೇ ನಿಯಮ ಮುಟ್ಟಲು ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಪಟ್ಟಿಯನ್ನು ವಾಪಸು ಪಡೆದರು. ಆದರೆ ಆರ್ಡರ್ ಮೀರಿದ್ದಕ್ಕೆ ಏನಾದರೂ ಬರೆದುಕೊಡಲೇಬೇಕು ಅಂದರು. "ಮೇಡಂ, ತಪ್ಪಾಯ್ತು ಅಂತ ಒಂದು ಸಾಲು ಬರ್ಕೊಡಿ ಸಾಕು. ಫೈಲ್ ಮುಚ್ತೀನಿ, ನೀವು ಇಲ್ಲೇ ಇರ್ತೀರಿ."

ಇನ್ನೆರಡೇ ವರ್ಷ, ಬರೆದುಬಿಡು ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ದೊಡ್ಡಮ್ಮ ಹಾಳೆ ತೆಗೆದುಕೊಂಡು ಬರೆದಳು. ನಾನು ಅದನ್ನು ಓದಿದ್ದೇನೆ:

‘ನನ್ನಿಂದ ತಪ್ಪಾಗಿದೆ. ಇಪ್ಪತ್ತಾರು ವರ್ಷ ಇಲ್ಲೇ ಕೂತು ಓದಿದವರನ್ನು ನಾನು ಬರೆದಿಡಲಿಲ್ಲ. ಪುಸ್ತಕ ಕೊಟ್ಟದ್ದು ತಪ್ಪಲ್ಲ. ನಾಳೆ ಕೇಳಿದರೆ ನಾಳೆಯೂ ಕೊಡುತ್ತೇನೆ.’

ವಾರದೊಳಗೆ ವರ್ಗಾವಣೆಯ ಕಾಗದ ಬಂತು. ಮುಖ್ಯ ಕಚೇರಿಯ ಟಪಾಲು ವಿಭಾಗ, ಕಿಟಕಿಯಿಲ್ಲದ ಕೋಣೆ, ಲಕೋಟೆಗೆ ಅಂಟು ಹಚ್ಚುವ ಕೆಲಸ. ಪುಸ್ತಕಗಳು ಉಳಿದವು, ಅವಳು ಉಳಿಯಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ಅವಳ ಕೊನೆಯ ದಿನ ಮೇಜಿನವರೆಲ್ಲ ಸೇರಿ ಮೇಲಧಿಕಾರಿಯ ಕೈಕಾಲು ಹಿಡಿದಾದರೂ ಕೇಳಿಕೊಳ್ಳುತ್ತೇವೆಂದು ಹೊರಟು ನಿಂತರು. ತರಕಾರಿಯಾಕೆಯೇ ಮುಂದಿದ್ದಳು. ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತಳು.

"ನಂಗೋಸ್ಕರ ಯಾರೂ ಕೈ ಮುಗಿಯೋದು ಬೇಡ. ಹೋಗಿ, ಕೂತ್ಕೊಂಡು ಓದಿ. ನೀವೆಲ್ಲ ಎದ್ದು ಬಂದ್ರೆ, ಕುರ್ಚಿ ಖಾಲಿ ಇದೆ ಅಂತ ಅದಕ್ಕೂ ಒಂದು ಪಟ್ಟಿ ಮಾಡ್ತಾರೆ."