ಖಾಲಿ ಕೊಳವೆಯ ಪೆಟ್ಟು

ಬೆಳಗಿನ ಐದೂವರೆ. ಚೀನಾದ ಶೆನ್‌ಜೆನ್‌ನ ಶಾಜಿಂಗ್‌ನಲ್ಲಿ, ಇ-ಸಿಗರೇಟ್ ಕಾರ್ಖಾನೆಯೊಂದರ ಮೂರನೇ ಮಹಡಿಯಲ್ಲಿ ಕುವಾಂಗ್ ಶುಯಿಲಿಯಾನ್ ಎಂಬ ಹೆಂಗಸು ಬಿಸಿನೀರು ಕುಡಿದು, ಕಣ್ಣು ಮುಚ್ಚಿ ಮೊದಲ ಕೊಳವೆ ಬಾಯಿಗಿಟ್ಟು ಎಳೆಯುತ್ತಾರೆ. ಅದರಲ್ಲಿ ನಿಕೋಟಿನ್ ದ್ರಾವಣವಿಲ್ಲ, ಬ್ಯಾಟರಿಯೂ ಇಲ್ಲ, ಬರಿಯ ಗಾಳಿ. ಏನೂ ತಾಗಲಿಲ್ಲವೆಂದು ಗಂಟಲು ಸೊನ್ನೆ ಅಂಕ ಕೊಟ್ಟರೆ ಮಾತ್ರ ಕೆಲಸ ಶುರು. ಈ ಪದ್ಧತಿ ತಂದವರು ಅವರ ಗುರು ಪೆಂಗ್ ಮಾಸ್ಟರ್. ಕೊಳವೆಯೂ ಅವರದೇ. ಅವರು ತೀರಿಕೊಂಡು ಎರಡು ವರ್ಷವಾಗಿದೆ.

ಖಾಲಿ ಗಾಳಿಯೇ ಗಂಟಲಿಗೆ ಬಡಿದಂತೆ ಶುಯಿಲಿಯಾನ್ ಕೈ ಕುತ್ತಿಗೆಗೆ ಹೋಗುತ್ತದೆ. ಆದರೂ ಸೊನ್ನೆ ಎಂದೇ ಬರೆಯುತ್ತಾರೆ.

ದಿನಕ್ಕೆ ನೂರಿಪ್ಪತ್ತು ಎಳೆತ, ಹನ್ನೊಂದು ವರ್ಷ. ಗಂಟಲಿಗೆ ಬೀಳುವ ಪೆಟ್ಟಿಗೆ ಅಂಕ ಕೊಡುವುದೇ ಇವರ ಕೆಲಸ. "ನಿಕೋಟಿನ್ ಏರಿದ್ರೆ ಗುದ್ದುತ್ತೆ. ಉಪ್ಪಿನ ರೂಪದ ನಿಕೋಟಿನ್ನು ಕಳ್ಳ, ಒಳಗೆ ಬಂದಿದ್ದೇ ಗೊತ್ತಾಗಲ್ಲ. ಗ್ಲಿಸರಿನ್ ಜಾಸ್ತಿ ಆದ್ರೆ ಮೆತ್ತಗೆ, ದ್ರಾವಣ ಕಾಯಿಸೋ ಸುರುಳಿ ಜಾಸ್ತಿ ಕಾದ್ರೆ ಗೀರುತ್ತೆ. ಗಾಳಿ ತೂತು ದೊಡ್ಡದಾದ್ರೆ ಪೆಟ್ಟೇ ಚದುರಿ ಹೋಗುತ್ತೆ," ಎನ್ನುತ್ತಾರೆ.

ಇಷ್ಟು ಬಲ್ಲವರಿಗೆ ಮೂರು ವಾರದಿಂದ ಇದಾವುದೂ ತಿಳಿಯುತ್ತಿಲ್ಲ. ತುಂಬಿದ ಕೊಳವೆ ಎಷ್ಟೆಳೆದರೂ ಗಂಟಲು ಕಲ್ಲು. ಸುರುಳಿ, ತೂತು ನೋಡಿ ಅಂದಾಜಿನಲ್ಲೇ ಅಂಕ ಹಾಕುತ್ತಾರೆ. ಮೇಲಿನವರಿಗೆ ತಿಳಿದರೆ ಕೆಲಸ ಹೋಯಿತು. ಅದಕ್ಕೇ ಈ ವರದಿಯಲ್ಲಿ ಅವರ ಹೆಸರು ಬದಲಿಸಿದ್ದೇನೆ.

"ಕೆಲಸ ಹೋಗ್ಲಿ ಬಿಡಿ, ಇನ್ನೊಂದು ಸಿಗುತ್ತೆ. ಗಂಟಲು ಎಲ್ಲಿಂದ ತರ್ಲಿ?" ಎನ್ನುತ್ತಾರೆ ಶುಯಿಲಿಯಾನ್.

ನೆಲ ಒರೆಸುವ ಝುವೋ ಅಕ್ಕ ಬಾಗಿಲಲ್ಲೇ ನಿಲ್ಲುತ್ತಾಳೆ, ಒಳಗೆ ಬರುವುದಿಲ್ಲ. "ಬೆಳಗಾದ್ರೆ ಈ ಕೋಣೇಲಿ ಪೆಂಗ್ ಮಾಸ್ಟರ್ ಕೆಮ್ಮು ಕೇಳುತ್ತೆ. ಎರಡು ಸಲ, ಒಣಾ ಕೆಮ್ಮು," ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಶುಯಿಲಿಯಾನ್ ಹುನಾನ್‌ನವರು. ಆ ಸೀಮೆಯವರಿಗೆ ಮೆಣಸಿನಕಾಯಿ ಇಲ್ಲದ ಊಟ ಊಟವೇ ಅಲ್ಲ. ಗಂಟಲು ಕೆಡುತ್ತದೆಂದು ಹನ್ನೊಂದು ವರ್ಷ ಇವರು ಅದನ್ನು ಮುಟ್ಟಿಲ್ಲ, ಬಿಳಿ ಗಂಜಿಯಲ್ಲೇ ಬದುಕಿದ್ದಾರೆ. ಇಂದು ತಂಗಿ ಕಳಿಸಿದ ಹೆಚ್ಚಿದ ಮೆಣಸಿನಕಾಯಿಯ ಜಾಡಿ ತೆರೆದು ನನಗೊಂದು ಚಮಚ ಕೊಟ್ಟು, ತಾವೂ ಒಂದು ನುಂಗುತ್ತಾರೆ. ನನ್ನ ಕಣ್ಣು, ಮೂಗು ಧಾರಾಕಾರ. ಅವರು ನನ್ನ ಮುಖವನ್ನೇ ನೋಡುತ್ತಾ ಕೇಳುತ್ತಾರೆ:

"ಖಾರ ಇದೆಯಾ?"

ನನಗೆ ಅಳುವೇ ಬಂತು, ಮೆಣಸಿನಕಾಯಿಗಲ್ಲ.

ಅವರು ಖಾಲಿ ಕೊಳವೆ ಎತ್ತಿಕೊಂಡು ಮತ್ತೊಮ್ಮೆ ಎಳೆಯುತ್ತಾರೆ. ಕೆಮ್ಮು ಬರುತ್ತದೆ. ಎರಡು ಸಲ, ಒಣ ಕೆಮ್ಮು. ಅವರ ಬಾಯಿಂದ ಬಂದದ್ದು ದಪ್ಪ ಗಂಡುದನಿ. ಬಾಗಿಲಲ್ಲಿ ಝುವೋ ಅಕ್ಕನ ಕೈಯಿಂದ ಒರೆಸುವ ಕೋಲು ಜಾರುತ್ತದೆ.

ಶುಯಿಲಿಯಾನ್ ಕಣ್ಣೊರೆಸಿಕೊಂಡು ನಗುತ್ತಾರೆ. "ನೋಡಿದ್ರಾ, ಉರೀತು. ನನ್ನ ಗಂಟಲು ಇನ್ನೂ ಇದೆ."