ನಡುವಿನ ಮೂರು ತಂತಿ

ಪೆಟ್ಟಿಗೆ ಬಂದಾಗ ಸೋನಾಲಿಗೆ ಮೊದಲು ಅನ್ನಿಸಿದ್ದು, ಇಷ್ಟು ದೊಡ್ಡದನ್ನು ಎಲ್ಲಿಡುವುದು ಎಂದು. ಮೊಬೈಲಿನ ಚಿತ್ರದಲ್ಲಿ ಗಿಟಾರು ಅಂಗೈಯಷ್ಟಿತ್ತು. ಮುಂಬಯಿಯ ಮಲಾಡಿನ ಆ ಮನೆಯ ಪುಟ್ಟ ಹಾಲ್‌ನಲ್ಲಿ ರಟ್ಟು ಬಿಚ್ಚಿ ನಿಲ್ಲಿಸಿದರೆ, ಕರೆಯದ ನೆಂಟನೊಬ್ಬ ಬಂದು ಗೋಡೆಗೊರಗಿ ನಿಂತ ಹಾಗಿತ್ತು. ವಾರ್ನಿಷಿನ ವಾಸನೆಗೆ ಹನ್ನೊಂದು ತಿಂಗಳ ಕೂಸಿಗೆ ಕೆಮ್ಮು ಬಂದೀತೆಂದು ಕಿಟಕಿ ತೆರೆದಳು. ಜುಲೈ ಮಳೆಯ ಎರಚಲಿಗೆ ಕಟ್ಟಿಗೆ ಉಬ್ಬೀತೆಂದು ಮುಚ್ಚಿದಳು. ಗಿಟಾರನ್ನು ಮಡಿಲಲ್ಲಿಟ್ಟುಕೊಂಡರೆ ತಂತಿಗಳೇ ಕಾಣವು, ಬಗ್ಗಿ ನೋಡಿದರೆ ಬೆನ್ನು ನೋವು. ತಂತಿಯನ್ನು ಒತ್ತಿ ಹಿಡಿದ ಬೆರಳ ತುದಿಯಲ್ಲಿ ಚಾಕು ಒತ್ತಿದಂಥ ಗೆರೆ ಮೂಡಿತು. ಚಿತ್ರದಲ್ಲಿ ಗಿಟಾರು ಹಿಡಿದವರೆಲ್ಲ ನಗುತ್ತಲೇ ಇರುತ್ತಾರಲ್ಲ, ಹೇಗೆ?

ಹೆರಿಗೆ ರಜೆ, ಅದರ ಮೇಲೆ ಬೇಡಿ ಪಡೆದ ರಜೆ, ಎರಡೂ ಮುಗಿಯಲು ಎರಡು ವಾರ ಉಳಿದಿತ್ತು. ಈಗ ಶುರುಮಾಡದಿದ್ದರೆ ಇನ್ನು ಯಾವತ್ತೂ ಇಲ್ಲ ಎಂದು ತರಿಸಿಕೊಂಡಿದ್ದಳು. ಹತ್ತು ದಿನದೊಳಗೆ ವಾಪಸು ಕೊಡಬಹುದಿತ್ತು. ಆದರೆ ಒಮ್ಮೆ ಕೊಟ್ಟರೆ ಮತ್ತೊಂದನ್ನು ತರಿಸುವ ಧೈರ್ಯ ತನಗೆ ಬರುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಮೊದಲ ಮಧ್ಯಾಹ್ನ ತಂತಿಗಳ ಶ್ರುತಿ ಕೂಡಿಸಿದಳು. ಮೊಬೈಲಿನ ಆ್ಯಪಿನಲ್ಲಿ ಒಂದು ಮುಳ್ಳು ಅತ್ತಿತ್ತ ಓಡಾಡಿ, ಸರಿಯಾದಾಗ ಹಸಿರಾಗಿ ನಿಲ್ಲುತ್ತಿತ್ತು. ಆರೂ ತಂತಿ ಹಸಿರಾಗುವಷ್ಟರಲ್ಲಿ ಕೂಸಿನ ನಿದ್ದೆ ಮುಗಿದಿತ್ತು. ಸಂಜೆ ಮಾವ ಬಸವಂತಪ್ಪ ಕೊಡೆ ಮಡಚುತ್ತ ಒಳಗೆ ಬಂದವರು ಗಿಟಾರಿನ ಮುಂದೆ ನಿಂತರು. ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಒಮ್ಮೆ ಮೀಟಿದರು. ಹುಬ್ಬು ಗಂಟಿಕ್ಕಿತು.

"ಆರ ತಂತಿ ಏನ ಯವ್ವಾ?"

"ಹೂಂರೀ ಮಾಮಾ, ಆರು."

ಅಷ್ಟೇ. ಕಾಲು ತೊಳೆಯಲು ಹೋದರು. ಆ ಹುಬ್ಬು ಸೋನಾಲಿಯ ಮನಸ್ಸಿನಲ್ಲಿ ಉಳಿಯಿತು. ಕೂಸಿನ ತಾಯಿಗೆ ಇದೆಲ್ಲ ಯಾಕೆ ಎಂದುಕೊಂಡರೇ? ಕೇಳುವ ಹಾಗಿರಲಿಲ್ಲ. ಬಸವಂತಪ್ಪನವರ ಮಾತು ಮೊದಲೇ ಕಡಿಮೆ. ಸೋನಾಲಿ ಸಾಂತಾಕ್ರೂಜಿನಲ್ಲಿ ಹುಟ್ಟಿ ಅಲ್ಲೇ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಮಾವನ ಮುಂದೆ ಅವಳ ಕನ್ನಡ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಅತ್ತೆ ಚನ್ನವ್ವ ತೀರಿಕೊಂಡ ಮೇಲೆ ಮಾವ ಸೊಸೆಯ ನಡುವಿನ ಮಾತೆಂದರೆ ಹಾಲು, ಗ್ಯಾಸು, ಕೂಸಿನ ಜ್ವರ, ಇಷ್ಟೇ.

ಬಸವಂತಪ್ಪ ಹತ್ತೊಂಬತ್ತನೆಯ ವಯಸ್ಸಿಗೆ ವಿಜಯಪುರದಿಂದ ಬಂದು ಗ್ರಾಂಟ್ ರೋಡಿನಲ್ಲಿ ತಕ್ಕಡಿ ರಿಪೇರಿ ಮಾಡುವ ಅಂಗಡಿಯೊಂದನ್ನು ಸೇರಿದವರು. ನಲವತ್ತು ವರ್ಷ ಕಳೆದರೂ ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ವಾರಕ್ಕೆ ಮೂರು ದಿನ ಈಗಲೂ ಲೋಕಲ್ ರೈಲು ಹಿಡಿಯುತ್ತಿದ್ದರು. ಮಾರ್ಕೆಟ್ಟಿನಲ್ಲಿ ಬೆಂಡೆಕಾಯಿ ಕೊಳ್ಳುವಾಗ ಅವರ ಕಣ್ಣು ಬೆಂಡೆಕಾಯಿಯ ಮೇಲಿರುತ್ತಿರಲಿಲ್ಲ. ತಕ್ಕಡಿಯ ಮುಳ್ಳು ಕೂದಲೆಳೆ ವಾಲಿದ್ದರೂ ಸಾಕು, ಜಗಳವಿಲ್ಲ, ದೂರಿಲ್ಲ, ತಾವೇ ಕೈ ಹಾಕಿ ಸಮ ಮಾಡಿಕೊಟ್ಟು ಬರುತ್ತಿದ್ದರು. ಅಜ್ಜ ಭಾಜಿ ಒಯ್ಯಲು ಬಂದದ್ದೋ ತಕ್ಕಡಿ ಒಯ್ಯಲೋ ಎಂದು ತರಕಾರಿಯವಳು ಮರಾಠಿಯಲ್ಲಿ ಛೇಡಿಸಿದರೆ ತುಟಿಯಂಚಿನಲ್ಲಿ ನಗುತ್ತಿದ್ದರು. ಅವರ ದನಿ ಕೇಳಬೇಕಾದರೆ ಸೋಮವಾರ ಸಂಜೆ ಭಜನೆಗೆ ಹೋಗಬೇಕು. ಏಕತಾರಿಯ ಒಂದೇ ತಂತಿಯನ್ನು ಮೀಟುತ್ತ, ಬಾವಿಯ ತಳದಿಂದ ಬಂದ ಹಾಗೆ ಹಾಡುತ್ತಿದ್ದರು. ಸೋನಾಲಿ ಮದುವೆಯಾದ ಹೊಸತರಲ್ಲಿ ಒಮ್ಮೆ ಕೇಳಿದ್ದಳು.

ಎರಡನೆಯ ದಿನ ಗಿಟಾರು ಎತ್ತಿಕೊಂಡಾಗ ಶ್ರುತಿ ಕೆಟ್ಟಿತ್ತು. ಆ್ಯಪಿಗೆ ಕೇಳಿಸಿ ನೋಡಿದಳು. ಮೇಲಿನ ದಪ್ಪ ತಂತಿ ಎರಡೂ ಹಸಿರು, ತೀರ ಕೆಳಗಿನ ಸಣ್ಣದೂ ಹಸಿರು. ನಡುವಿನ ಮೂರು ಮಾತ್ರ ಕೆಂಪು. ಮತ್ತೆ ಕೂಡಿಸಿದಳು. ಮೂರನೆಯ ದಿನವೂ ಅದೇ ಮೂರು ಕೆಂಪು. ಹೊಸ ತಂತಿ ಹಿಗ್ಗುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದಿದ್ದರು. ಹಿಗ್ಗಿದರೆ ಸಡಿಲಾಗಬೇಕು, ಇಲ್ಲಿ ಎರಡು ಬಿಗಿಯಾಗಿದ್ದವು, ಒಂದು ಮಾತ್ರ ಸಡಿಲು. ಮಳೆಗಾಲದ ಹಸಿ ಎಂದು ಮತ್ತೊಬ್ಬರು. ಹಸಿಯಾದರೆ ಆರಕ್ಕೂ ತಾಗದೆ ಮೂರನ್ನೇ ಆರಿಸಿಕೊಳ್ಳುವುದೇ?

ಐದನೆಯ ದಿನ ಅದನ್ನು ಮಲಗುವ ಕೋಣೆಯ ಕಪಾಟಿನ ಮೇಲಿಟ್ಟಳು. ಮರುದಿನ ಆರೂ ಹಸಿರು. ಅಂದರೆ ಹಾಲ್‌ನಲ್ಲೇ ಏನೋ ಇದೆ, ಬಾಲ್ಕನಿಯ ತೇವವೇ ಇರಬೇಕು ಎಂದು ಲೆಕ್ಕ ಹಾಕಿದಳು. ಆದರೆ ಕಪಾಟಿನಿಂದ ಜಾರಿ ಕೂಸಿನ ಮೇಲೆ ಬಿದ್ದರೆ? ಆ ರಾತ್ರಿ ಮೂರು ಸಲ ಎದ್ದು ನೋಡಿ, ಬೆಳಗಾದ ಮೇಲೆ ಹಾಲ್‌ಗೇ ತಂದಿಟ್ಟಳು. ಮರುದಿನ ಮತ್ತೆ ನಡುವಿನ ಮೂರು ಕೆಂಪು.

ಕೊನೆಗೆ ಅನುಮಾನ ತನ್ನ ಮೇಲೆಯೇ ತಿರುಗಿತು. ಹೆರಿಗೆಯಾದ ಮೇಲೆ ಮರೆವು ಹೆಚ್ಚಿತ್ತು. ಹಾಲು ಎರಡು ಸಲ ಸೀದಿತ್ತು, ಕೂಸಿನ ಲಸಿಕೆಯ ತಾರೀಖು ತಪ್ಪಿತ್ತು. ತಾನೇ ತಪ್ಪು ತಿರುವಿ, ತಿರುವಿದ್ದನ್ನು ಮರೆಯುತ್ತಿದ್ದೇನೆಯೇ? ಇಂಥ ತಲೆ ಇಟ್ಟುಕೊಂಡು ಸೋಮವಾರದಿಂದ ಆಫೀಸಿನಲ್ಲಿ ಏನು ಮಾಡಲಿ? ಗಂಡ ಸಂತುವಿಗೆ ಹೇಳಿದರೆ ಅವನು ಶೂ ಕಟ್ಟಿಕೊಳ್ಳುತ್ತಲೇ, ಪೀಸ್ ಖರಾಬ್ ಇರಬೇಕು, ರಿಟರ್ನ್ ಮಾಡಿಬಿಡು ಎಂದ. ಒಂಬತ್ತನೆಯ ದಿನ ಅವಳು ಮೊಬೈಲಿನಲ್ಲಿ 'ಶ್ರುತಿ ನಿಲ್ಲುತ್ತಿಲ್ಲ' ಎಂದು ಕಾರಣ ಬರೆದು ಒತ್ತಿದಳು. ನಾಳೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಒಯ್ಯುತ್ತೇವೆ ಎಂದು ಉತ್ತರ ಬಂತು. ಹಗುರಾಗಬೇಕಿತ್ತು. ಅಳು ಬಂತು.

ಮರುದಿನ ಕೂಸು ಬೇಗ ಎಬ್ಬಿಸಿತು. ಅದನ್ನು ಸೊಂಟದ ಮೇಲೆ ಕೂಡಿಸಿಕೊಂಡು ಹಾಲು ಕಾಯಿಸಲು ಹೊರಟವಳು ಬಾಗಿಲಲ್ಲೇ ನಿಂತಳು. ಬಸವಂತಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ನೆಲದ ಮೇಲೆ ಕುಳಿತಿದ್ದರು. ಗಿಟಾರನ್ನು ತಂಬೂರಿಯ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು, ಅದರ ಮೈಗೆ ಕಿವಿ ಹಚ್ಚಿ, ಮಗುವಿನ ಕೆನ್ನೆ ಮುಟ್ಟಿದಷ್ಟು ಮೆಲ್ಲಗೆ ಒಂದು ತಂತಿ ಮೀಟಿ, ತುದಿಯ ಬಿರಟೆಯನ್ನು ಒಂದಿಷ್ಟೇ ತಿರುಗಿಸಿದರು.

"ಮಾಮಾ, ಏನ್ ಮಾಡಾಕತ್ತೀರಿ?"

ಬೆಚ್ಚಿಬಿದ್ದರೂ ಅವರು ಗಿಟಾರು ಕೆಳಗಿಡಲಿಲ್ಲ.

"ನೋಡ ಯವ್ವಾ, ಕಂಪನಿಯವ್ರು ಅರ್ಧಾನ ಕೂಡಿಸಿ ಕಳಿಸ್ಯಾರ. ಇವೆರಡು ದಪ್ಪವು, ಪಂಚಮ, ಷಡ್ಜ, ಬರೋಬರಿ ಅದಾವ. ಆ ಸಣ್ಣದೂ ಪಂಚಮ. ನಡುವಿನ ಮೂರು ಎಲ್ಲೆಲ್ಲೋ ಕುಂತಾವ. ನಾ ದಿನಾ ಮುಂಜಾನೆ ಅವನ್ನೂ ಷಡ್ಜ ಪಂಚಮಕ್ಕ ಸಮ ಮಾಡಿ ಇಡತೀನಿ, ಸಂಜಿಗೆ ನೋಡಿದ್ರ ಮತ್ತ ಕೆಟ್ಟಿರತಾವ. ಕೂಸು ತಿರುವತೈತೇನು?"

ಸೋನಾಲಿ ಅಲ್ಲೇ ಕುಳಿತಳು. ಕೂಸು ತಿರುವುತ್ತಿರಲಿಲ್ಲ. ಹತ್ತು ದಿನದಿಂದ ಮಾವ ಮುಂಜಾನೆ ಸರಿಮಾಡುತ್ತಿದ್ದರು, ತಾನು ಮಧ್ಯಾಹ್ನ ಸರಿಮಾಡುತ್ತಿದ್ದಳು. ಗಿಟಾರಿನ ಪದ್ಧತಿಯೇ ಬೇರೆ, ನಡುವಿನ ಮೂರು ಹಾಗೇ ಇರಬೇಕು ಎಂದು ಇದ್ದ ಕನ್ನಡದಲ್ಲಿ, ಇಲ್ಲದ್ದಕ್ಕೆ ಹಿಂದಿ ಸೇರಿಸಿ ವಿವರಿಸಿದಳು. ಬಸವಂತಪ್ಪ ನಡುವಿನ ಮೂರು ತಂತಿಗಳನ್ನು ಒಂದೊಂದಾಗಿ ಮುಟ್ಟಿದರು.

"ಹಂಗಾದ್ರ ಕೆಡಿಸಿದಾಂವ ನಾನ."

"ನೀವು ನನಗ ಹೇಳಲಿಲ್ಲ ಯಾಕ ಮಾಮಾ?"

"ಹೊಸಾ ಸಾಮಾನ ತಂದು ಖುಷಿಲೆ ಇದ್ದಿ. ಇದು ಸರಿ ಇಲ್ಲ ಅಂತ ಹೆಂಗ ಹೇಳಲಿ? ನೀ ನೌಕರಿಗೆ ಹೋಗೂದ್ರಾಗ ನಾಕು ಸ್ವರ ಆದರೂ ಬರಲಿ ಅಂತ ಸಮ ಮಾಡತಿದ್ದೆ."

ಆ ಹುಬ್ಬು ಗಂಟಿಕ್ಕಿದ್ದು ತನಗಲ್ಲ, ಮೂರು ತಂತಿಗೆ. ಸೋನಾಲಿ ಕೂಸಿನ ಅಂಗಿ ಎಳೆದು ಸರಿಮಾಡುತ್ತಿರುವಾಗಲೇ ಬಾಗಿಲ ಗಂಟೆ ಬಡಿಯಿತು. ರೇನ್‌ಕೋಟಿನಿಂದ ನೀರು ತೊಟ್ಟಿಕ್ಕಿಸುತ್ತ ಗಿಟಾರು ಒಯ್ಯುವವನು ನಿಂತಿದ್ದ. ಬೇಡವೆಂದಳು. ಅವನು ಮೊಬೈಲು ನೋಡಿ, ಖರಾಬ್ ಎಂದು ನೀವೇ ಬರೆದಿದ್ದೀರಿ, ಈಗ ಕ್ಯಾನ್ಸಲ್ ಮಾಡಲು ಕಾರಣ ಹೇಳಿ ಎಂದ. ಅವನ ಪಟ್ಟಿಯಲ್ಲಿದ್ದ ಒಂದು ಕಾರಣವೂ ಇದಕ್ಕೆ ಹೊಂದುವಂತಿರಲಿಲ್ಲ.

"ಖರಾಬ್ ನಹೀ ಹೈ ಭೈಯಾ," ಎಂದಳು. "ಹಮ್ ದೋನೋ ಇಸಕೋ ಠೀಕ್ ಕರ್ ರಹೇ ಥೇ."

ಇಬ್ಬರು ಸೇರಿ ಸರಿಮಾಡುತ್ತಿದ್ದದ್ದು ಖರಾಬ್ ಹೇಗಾಯಿತೆಂದು ಅವನಿಗೆ ತಿಳಿಯಲಿಲ್ಲ. ಅವಳ ಮುಖವನ್ನೊಮ್ಮೆ, ಒಳಗೆ ಕುಳಿತ ಮುದುಕರನ್ನೊಮ್ಮೆ ನೋಡಿ, ಏನನ್ನೋ ಒತ್ತಿ ಮೆಟ್ಟಿಲಿಳಿದ.

ಬಸವಂತಪ್ಪ ಗಿಟಾರನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ನಿನ್ನ ಪದ್ಧತಿ ಹೆಂಗದ ಹಂಗ ಕೂಡಿಸು, ನಾ ಕೇಳತೀನಿ ಎಂದರು. ಅವಳು ಒಂದೊಂದೇ ಬಿರಟೆ ತಿರುಗಿಸತೊಡಗಿದಳು. ನಡುವಿನ ಮೊದಲ ತಂತಿ ಷಡ್ಜ ಪಂಚಮಗಳ ನಡುವೆ ಎಲ್ಲೋ ಹೋಗಿ ನಿಂತಿತು. ಆ್ಯಪ್ ಹಸಿರಾಯಿತು. ಮಾವನ ಹುಬ್ಬು ಮತ್ತೆ ಗಂಟಿಕ್ಕಿತು, ಬಲಗೈ ತಾನಾಗಿಯೇ ಬಿರಟೆಯತ್ತ ಚಾಚಿತು. ಅರ್ಧ ದಾರಿಯಲ್ಲಿ ತಡೆದುಕೊಂಡು ಆ ಕೈಯಿಂದಲೇ ಕೂಸನ್ನು ಎಳೆದುಕೊಂಡು ತೊಡೆಯ ಮೇಲೆ ಕೂಡಿಸಿಕೊಂಡರು. ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು, ಎರಡನೆಯ ತಂತಿ ಎಲ್ಲಿಗೆ ಹೋಗುತ್ತದೋ ಎಂದು ಕೇಳುತ್ತ ಕುಳಿತರು.