ಸೀಮೆಸುಣ್ಣದ ಲಂಡನ್

ಹೂಸ್ಟನ್ನಿನ ಆಚೆ ಕೇಟಿಯಲ್ಲಿ ನನ್ನ ತಮ್ಮನ ಮನೆಯಿದೆ. ಡಲ್ಲಾಸಿನ ಪಕ್ಕದ ಇರ್ವಿಂಗಿನ ನಮ್ಮ ಮನೆಯಿಂದ ಅಲ್ಲಿಗೆ ಹೋದದ್ದಕ್ಕಿಂತ ಹೆಚ್ಚು ಸಲ ನಾನು ಲಂಡನ್ನಿಗೆ ಹೋಗಿದ್ದೇನೆ. ಆದರೆ ಲಂಡನ್ನನ್ನು ನೋಡಿಲ್ಲ. ಡಲ್ಲಾಸಿನಿಂದ ಬೆಂಗಳೂರಿಗೆ ಹೋಗುವಾಗ ಅಲ್ಲಿ ವಿಮಾನ ಬದಲಿಸುತ್ತೇನೆ, ಅಷ್ಟೆ. ನನ್ನ ಲಂಡನ್ನಿನಲ್ಲಿರುವುದು ಒಂದು ಉದ್ದನೆಯ ಕಾರಿಡಾರ್, ದುಬಾರಿ ಕಾಫಿ ಮತ್ತು ಬೆಲ್ಟು ಬಿಚ್ಚಿಸುವ ಸಾಲು. ಹಾಗಂತ ಇಲ್ಲಿನ ಕನ್ನಡದವರ ಊಟದ ಕೂಟಗಳಲ್ಲಿ “ಲಂಡನ್ನಿನ ಹವೆ ಏನು ಕೇಳ್ತೀರಿ” ಎನ್ನುವುದನ್ನು ಬಿಟ್ಟವನಲ್ಲ. ಹವೆಯೇನೋ ನಿಜ, ಏಸಿಯದು.

ಹೀಗೊಮ್ಮೆ ಜಂಬ ಕೊಚ್ಚುತ್ತಿದ್ದಾಗ ಅತ್ತೆಯವರ ಕೈಗೆ ಸಿಕ್ಕಿಬಿದ್ದೆ. ಧಾರವಾಡದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ನೋಡಲು ಬಂದಿದ್ದರು.

“ಹೊಳಿ ನೋಡೀರೇನ್ರಿ? ಕುದರಿ ಲಾಳದಂಗ ತಿರಗತದಲ್ಲ, ಅದು?”

“ಇಲ್ಲ ಅತ್ತೆ, ಏರ್‌ಪೋರ್ಟಿಂದ ಸ್ವಲ್ಪ ದೂರ,” ಎಂದೆ. ಅವರ ಮುಖ ಸಣ್ಣದಾಯಿತು.

ಅವರ ಲಂಡನ್ ಸೀಮೆಸುಣ್ಣದ್ದು. ವರ್ಷವರ್ಷವೂ ಕರಿಹಲಗೆಯ ಮೇಲೆ ಥೇಮ್ಸ್ ನದಿ ಬರೆದು, ಗಂಟೆ ಮುಗಿದ ಮೇಲೆ ಅಳಿಸಿದವರು. ರೊಟ್ಟಿ ಅಂಗಡಿಯ ಒಲೆಯ ಕಿಡಿ ಊರನ್ನೇ ಸುಟ್ಟದ್ದು, ಆ ಬೂದಿಯ ಮೇಲೆ ದೊಡ್ಡ ಗುಮ್ಮಟ ಎದ್ದದ್ದು, ನಮ್ಮ ಚಹಾ, ಹತ್ತಿ ಹೊತ್ತ ಹಡಗುಗಳು ಬಂದು ನಿಂತ ಕಟ್ಟೆಗಳ ಮೇಲೆ ಈಗ ಬ್ಯಾಂಕುಗಳ ಗಾಜಿನ ಗೋಪುರಗಳಿರುವುದು, ಎಲ್ಲ ಅವರಿಗೆ ಪಕ್ಕದ ಓಣಿಯ ಸುದ್ದಿ. ನಮ್ಮ ಇರ್ವಿಂಗಿನ ಲಾಸ್ ಕೊಲಿನಾಸ್ ಬಡಾವಣೆಯ ಗಾಜಿನ ಆಫೀಸುಗಳ ಮುಂದೆ ನಾನು ಡ್ರೈವ್ ಮಾಡುವಾಗ “ಇಲ್ಲಿ ಮೊದಲ ಏನಿತ್ರಿ?” ಎಂದು ಕೇಳಿದರು. “ದನ ಮೇಯ್ತಿದ್ದವಂತೆ,” ಎಂದೆ. ಅದನ್ನೂ ಗೌರವದಿಂದಲೇ ಕೇಳಿಸಿಕೊಂಡರು.

ಹೊರಡುವ ದಿನ ಹತ್ತಿರವಾದಾಗ ಮೊಣಕಾಲು ಒತ್ತಿಕೊಳ್ಳುತ್ತ ಹೇಳಿದರು: “ಇನ್ನ ಇಷ್ಟ ದೂರ ಬರೂದು ನನ್ನಿಂದ ಆಗೂದಿಲ್ರಿ. ಹೋಗೂಮುಂದ ಮ್ಯಾಲಿಂದರ ಹೊಳಿ ಒಮ್ಮೆ ಕಂಡರ ಸಾಕು.” ಬರುವಾಗ ಅವರಿಗೆ ನಡುವಿನ ಸೀಟು ಸಿಕ್ಕಿತ್ತು.

ಕರೆದೊಯ್ಯುವವನು ನಾನೇ. ಇಳಿಯುವಾಗ ನದಿ ಕಾಣುವುದು ಆ ಕಡೆಗೆಂದು ಅವರಿಗೆ ಬಲಗಡೆಯ ಕಿಟಕಿಯನ್ನೇ ಹಿಡಿದೆ. ಬೆಳಗಿನ ಹೊತ್ತು ಲಂಡನ್ ಬಂತು, ಕಿಟಕಿಯ ತುಂಬ ಮೋಡ. ಹಿಂಜಿದ ಹತ್ತಿ ಹರವಿದ ಹಾಗೆ, ಒಂದು ಸೂಜಿ ತೂರುವಷ್ಟೂ ಸಂದಿಯಿಲ್ಲ. ನನಗೆ ಅಳು ಬರುವಂತಾಯಿತು. ಇಳಿಯಲು ಸರದಿ ಬರಲಿಲ್ಲವೆಂದು ವಿಮಾನ ಸುಮ್ಮನೆ ಸುತ್ತತೊಡಗಿತು. ಸುತ್ತಲಿನವರೆಲ್ಲ ಗಡಿಯಾರ ನೋಡಿ ಗೊಣಗುತ್ತಿದ್ದರೆ, ನಾನು ಮಾತ್ರ ಇನ್ನೊಂದು ಸುತ್ತು ಹಾಕಲಿ ಎಂದು ಬೇಡಿಕೊಳ್ಳುತ್ತಿದ್ದೆ.

ನನ್ನ ಮುಖ ನೋಡಿ ಅತ್ತೆಯವರೇ ಸಮಾಧಾನಕ್ಕಿಳಿದರು. “ಇರಲಿ ಬಿಡ್ರಿ, ಕೆಳಗಿನ ಹೊಳಿ ಎಲ್ಲಿ ಹೋಗ್ತದ?” ಎಂದು ಕಿಟಕಿಗೆ ಬೆನ್ನು ಹಾಕಿ, ಗಾಳಿಯಲ್ಲಿ ಬೆರಳಾಡಿಸಿ ಪಾಠ ಶುರುಮಾಡಿದರು. ಇಲ್ಲಿ ಸೇತುವೆ, ಇಲ್ಲಿ ಗುಮ್ಮಟ, ಇಲ್ಲಿ ಹಡಗುಕಟ್ಟೆ. ನಾನು ತೂಕಡಿಕೆಯ ಮಂಪರಿನಲ್ಲಿ ಆ ಬೆರಳಿನ ಹಿಂದೆಯೇ ತೇಲುತ್ತಿದ್ದೆ. ಬೆರಳು ಲಾಳದ ತಿರುವಿಗೆ ಬಂದಾಗ ಅವರ ಹೆಗಲಾಚೆ ಮೋಡ ಬಿರಿಯಿತು. ಕೆಳಗೆ ಕಂದುಬಣ್ಣದ ನದಿ, ಅವರ ಬೆರಳು ತಿರುಗಿದಂತೆಯೇ ತಿರುಗಿ ಮಲಗಿತ್ತು.

“ಅತ್ತೆ, ಕಿಟಕಿ,” ಎಂದೆ.

ತಿರುಗಿದರು. ಕನ್ನಡಕ ಸರಿಮಾಡಿಕೊಂಡು, ಗಾಜಿನ ಮೇಲೆ ಬೆರಳಿಟ್ಟು ನದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಎಳೆದು ನೋಡಿದರು, ಮಕ್ಕಳು ಬರೆದ ನಕಾಶೆ ತಿದ್ದುವಾಗಿನಂತೆ. ಮೋಡ ಮತ್ತೆ ಮುಚ್ಚಿತು.

“ಬರೋಬ್ಬರಿ ಅದ,” ಎಂದು ನದಿಯನ್ನು ಪಾಸು ಮಾಡಿದರು.

ನಾನು ಬೆಲ್ಟು ಬಿಗಿದುಕೊಂಡೆ, ಲಂಡನ್ನಿಗೆ ಮೊದಲ ಸಲ ಹೋಗುತ್ತಿರುವವನ ಹಾಗೆ.